ಬೀಪು ಒಂದೇ, ಮೈ ಬೇರೆ

ತಿಂಗಳು ತುಂಬುವ ಮೊದಲೇ ಹುಟ್ಟಿ ಎನ್‌ಐಸಿಯು ಸೇರಿದ, ಒಂದೂಕಾಲು ಕಿಲೊ ತೂಗುವ ಕೂಸನ್ನು ನೋಡಲು ಹೋದವರ ಕಣ್ಣಿಗೆ ಮೊದಲು ಬೀಳುವುದು ವೈರುಗಳು. ಎದೆಯ ಎಡಕ್ಕೊಂದು ಬಲಕ್ಕೊಂದು ಇಸಿಜಿ ಲೀಡು, ಹೊಟ್ಟೆಯ ಕೆಳಗೆ ಮತ್ತೊಂದು. ಪಾದಕ್ಕೆ ಸುತ್ತಿದ, ಕೆಂಪಗೆ ಮಿನುಗುವ ಆಕ್ಸಿಮೀಟರ್ ಪ್ರೋಬು. ಮೈಬಿಸಿ ನೋಡಲು ಇನ್ನೊಂದು ಪ್ರೋಬು. ಆಗಾಗ ಸುತ್ತಿ ಬಿಚ್ಚುವ, ಹೆಬ್ಬೆರಳಗಲದ ಬಿಪಿ ಪಟ್ಟಿ. ಎಲ್ಲದರ ಬಾಲವೂ ಪಕ್ಕದ ಮಾನಿಟರಿಗೆ. ಬಟ್ಟೆ ಬದಲಿಸಲು ಸಿಸ್ಟರ್ ಕೂಸನ್ನು ಅತ್ತಿತ್ತ ಹೊರಳಿಸಿದರೂ ಒಂದಲ್ಲ ಒಂದು ಲೀಡು ಕಿತ್ತುಬಂದು ಮಾನಿಟರ್ ಕೂಗತೊಡಗುತ್ತದೆ. ಇಷ್ಟು ಬೇಗ ಹುಟ್ಟಿದ ಮಕ್ಕಳ ಚರ್ಮ ಇನ್ನೂ ಬಲಿತಿರುವುದಿಲ್ಲ. ಅಂಟುಪಟ್ಟಿ ಎಳೆದರೆ ಅದರ ಜೊತೆ ಮೇಲ್ಪದರವೂ ಏಳುತ್ತದೆ. ಕೆಲವು ಮಕ್ಕಳಿಗೆ ಆ ಕಲೆ ಜೀವನಪೂರ್ತಿ ಉಳಿಯುತ್ತದೆ.

ತಾಯಿಗೆ ಹತ್ತಿರ ಹೋಗಲೂ ಭಯ. ‘ಎತ್ಕೋಬಹುದಾ ಸಿಸ್ಟರ್?’ ಎಂದು ಕೇಳುತ್ತಾಳೆ. ‘ಎತ್ಕೊಳ್ಳಮ್ಮ, ವೈರ್ ಎಳೀಬಾರ್ದು ಅಷ್ಟೆ’ ಎಂಬ ಉತ್ತರ ಬರುತ್ತದೆ. ಅಷ್ಟು ಸಾಕು, ಚಾಚಿದ ಕೈ ಹಿಂದೆ ಸರಿಯುತ್ತದೆ.

ಹಾಗೆ ಹಿಂದೆ ಸರಿದ ಕೈಗೆ ಬೆಲೆ ತೆರುವುದು ಕೂಸು. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ವೈದ್ಯ ಎಡ್ಗಾರ್ ರೇ, ಇನ್‌ಕ್ಯುಬೇಟರ್‌ಗಳು ಸಾಲದ ಆಸ್ಪತ್ರೆಯಲ್ಲಿ, ತಾಯಿಯ ಬರಿ ಎದೆಗೆ ಕೂಸನ್ನು ಅವಚಿ ಕಟ್ಟಿ ಮೈಬಿಸಿ ಕಾಯುವ ಪದ್ಧತಿ ಶುರು ಮಾಡಿದರು. ಅದೇ ಇಂದಿನ ಕಾಂಗರೂ ಆರೈಕೆ. ಬಡವರ ಇನ್‌ಕ್ಯುಬೇಟರ್ ಎಂದು ಮೂಗು ಮುರಿದವರೂ ಇದ್ದರು. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಆ ಮಾತಿಗೆ ಉತ್ತರ ಕೊಟ್ಟಿತು. ಕೂಸಿನ ಸ್ಥಿತಿ ಸುಧಾರಿಸಲಿ ಎಂದು ಕಾಯದೆ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಸಿಕ್ಕ ಮಕ್ಕಳಲ್ಲಿ ಮೊದಲ 28 ದಿನದೊಳಗಿನ ಸಾವು ಶೇ 12; ಕಾದು ಕೊಟ್ಟವರಲ್ಲಿ ಶೇ 15.7. ಅಂದರೆ ನಾಲ್ಕು ಸಾವಿನಲ್ಲಿ ಒಂದು ತಪ್ಪಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೂ ಹಬ್ಬಿಸುವ ಕೆಲಸ ಮಾಡಿದ್ದಾರೆ. 2020ರಲ್ಲಿ ಜಗತ್ತಿನಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಅಂದಾಜು 1.34 ಕೋಟಿ, ಅವರಲ್ಲಿ 30 ಲಕ್ಷ ಭಾರತದವರು ಎಂಬ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಬೇಕು.

ಇಲ್ಲೊಂದು ಇಕ್ಕಟ್ಟಿದೆ. ತೀರಾ ನಾಜೂಕಾದ ಕೂಸಿಗೆ ತಾಯಿಯ ಎದೆಯೂ ಬೇಕು, ಗಳಿಗೆ ಗಳಿಗೆಗೂ ಎದೆಬಡಿತ, ಉಸಿರು, ಆಮ್ಲಜನಕ ನೋಡುವ ಮಾನಿಟರೂ ಬೇಕು. ಒಂದಕ್ಕೊಂದು ಅಡ್ಡಬರುವುದು ನಡುವಿನ ವೈರಿನಿಂದ. ಮೈಮೇಲೆ ಧರಿಸುವ ವೈರಿಲ್ಲದ ಸೆನ್ಸರು ಎಂದ ಕೂಡಲೇ ನಮಗೆ ನೆನಪಾಗುವುದು ಪಾರ್ಕಿನಲ್ಲಿ ಹೆಜ್ಜೆ ಎಣಿಸುವವರ ಕೈಗಡಿಯಾರ. ಅದರ ನಿಜವಾದ ಬಳಕೆ ನನ್ನ ಪ್ರಕಾರ ಈ ಕೂಸಿನ ಬಳಿ ಇದೆ. ಯಾವ ಮೈಮೇಲೆ ಕೂತಿದೆ ಎಂಬುದರ ಮೇಲೆ ಅದೇ ಸೆನ್ಸರಿನ ಅದೇ ಅಂಕಿಗೆ ಬೇರೆ ಬೇರೆ ಅರ್ಥ ಬರುತ್ತದೆ. ಮಾರುವವರು ಹೇಳದ ಮಾತು ಅದು.

2019ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ಮತ್ತು ಸಂಗಡಿಗರು ಇಂಥ ಕೂಸುಗಳಿಗೆಂದೇ ಮಾಡಿದ ಎರಡು ಮೆತ್ತನೆಯ ಪಟ್ಟಿಗಳ ವಿವರ ಬಂತು. ಒಂದು ಎದೆಗೆ, ಇನ್ನೊಂದು ಪಾದಕ್ಕೆ. ಸಿಲಿಕೋನಿನ ತೆಳುಹಾಳೆಯೊಳಗೆ ಹಾವಿನಂತೆ ಸುತ್ತಿಸುತ್ತಿ ಹೋಗುವ ತಾಮ್ರದ ಎಳೆಗಳು; ಚರ್ಮ ಹಿಗ್ಗಿ ಕುಗ್ಗಿದರೆ ಅವೂ ಹಿಗ್ಗಿ ಕುಗ್ಗುತ್ತವೆ. ಇಷ್ಟು ಹಗುರವಾದ್ದರಿಂದ ಗಟ್ಟಿ ಅಂಟು ಬೇಕಿಲ್ಲ, ತೆಗೆದಾಗ ಚರ್ಮ ಏಳುವುದಿಲ್ಲ. ಬ್ಯಾಟರಿಯೂ ಇರಲಿಲ್ಲ. ಹಾಸಿಗೆಯಡಿಯ ಆಂಟೆನಾ ವಿದ್ಯುತ್ತನ್ನೂ ಕೊಡುತ್ತಿತ್ತು, ಮಾಹಿತಿಯನ್ನೂ ಪಡೆಯುತ್ತಿತ್ತು. ನಮ್ಮ ಮೆಟ್ರೊ ಕಾರ್ಡನ್ನು ಗೇಟಿಗೆ ತೋರಿಸಿದಾಗ ಒಳಗಿನ ಚಿಪ್ಪು ಎಚ್ಚರಗೊಳ್ಳುವುದೂ ಇದೇ ತತ್ವದಿಂದ. ಒಂದೇ ತೊಡಕು, ಆಂಟೆನಾದಿಂದ ದೂರ ಸರಿದರೆ ಸಂಪರ್ಕ ಕಡಿಯುತ್ತಿತ್ತು. ತಾಯಿ ಕೂಸನ್ನು ಎತ್ತಿಕೊಂಡು ಕುರ್ಚಿಗೆ ಹೋಗಿ ಕೂತರೆ? ಮುಂದಿನ ವರ್ಷ ಇದೇ ತಂಡ ಪುಟ್ಟ ಬ್ಯಾಟರಿ ಸೇರಿಸಿದ, ಬ್ಲೂಟೂತ್‌ನಲ್ಲಿ ಮಾತಾಡುವ ಮಾದರಿ ತಂದಿತು. ಕೂಸು ಯಾವ ಮಗ್ಗುಲಾಗಿ ಮಲಗಿದೆ, ಎಷ್ಟು ಹೊತ್ತು ಅತ್ತಿತು, ಎಷ್ಟು ಹೊತ್ತು ತಾಯಿಯ ಎದೆ ಮೇಲಿತ್ತು ಎಂಬುದನ್ನೂ ಅದು ಹೇಳಬಲ್ಲದು. ನಂತರದ ಪ್ರಯೋಗಗಳು ಆಫ್ರಿಕಾದ ಜಾಂಬಿಯಾದವರೆಗೂ ಹೋದವು.

ಬೆಂಗಳೂರಿನ ಬೆಂಪು ಕಂಪನಿಯ ಪುಟ್ಟ ಕೈಪಟ್ಟಿ ಇದಕ್ಕಿಂತ ಎಷ್ಟೋ ಸರಳ. ಕಡಿಮೆ ತೂಕದ ಮಕ್ಕಳಿಗೆ ಮೈ ತಣ್ಣಗಾಗುವುದೇ ದೊಡ್ಡ ಗಂಡಾಂತರ. ಕೂಸಿನ ಮಣಿಕಟ್ಟಿಗೆ ಕಟ್ಟಿದ ಈ ಪಟ್ಟಿ ಬಿಸಿ ಸರಿಯಿದ್ದಾಗ ನೀಲಿ ಮಿನುಗುತ್ತದೆ, ಇಳಿದರೆ ಕಿತ್ತಳೆ ದೀಪ ಹಚ್ಚಿ ಕೂಗುತ್ತದೆ. ಇಂಟರ್ನೆಟ್ ಇಲ್ಲ, ಆ್ಯಪ್ ಇಲ್ಲ. ಕೂಗು ತಲುಪಬೇಕಾದದ್ದು ಮೊಳದಾಚೆ ಮಲಗಿದ ಬಾಣಂತಿಗೆ. ಅವಳು ಮಾಡಬೇಕಾದದ್ದು ಕೂಸನ್ನು ಎತ್ತಿ ಎದೆಗವಚಿಕೊಳ್ಳುವುದು. ಯಾರಿಗೆ ಹೇಳಬೇಕು, ಅವರೇನು ಮಾಡಬೇಕು ಎಂಬೆರಡೂ ಇಷ್ಟು ಸ್ಪಷ್ಟವಾಗಿರುವ ಉಪಕರಣಗಳು ಅಪರೂಪ.

ಇವು ಕೆಲಸ ಮಾಡುವ ಬಗೆ ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಕತ್ತಲಲ್ಲಿ ಮೊಬೈಲಿನ ಟಾರ್ಚ್ ಹಚ್ಚಿ ಮೇಲೆ ಬೆರಳಿಡಿ. ಬೆರಳು ಕೆಂಪಗೆ ಬೆಳಗುತ್ತದೆ. ಹಸಿರು, ನೀಲಿ ಬೆಳಕನ್ನು ರಕ್ತ ಹೀರಿಕೊಂಡು ಕೆಂಪನ್ನಷ್ಟೇ ಆಚೆ ಬಿಡುತ್ತದೆ. ಪ್ರತಿ ಮಿಡಿತಕ್ಕೂ ಬೆರಳಿನೊಳಗೆ ರಕ್ತ ಕೊಂಚ ಹೆಚ್ಚುತ್ತದೆ, ಆ ಕ್ಷಣ ಹೀರಿಕೆಯೂ ಹೆಚ್ಚುತ್ತದೆ. ಕೈಗಡಿಯಾರದ ಬೆನ್ನಿನ ಹಸಿರು ದೀಪ ಚರ್ಮಕ್ಕೆ ಬೆಳಕು ಚೆಲ್ಲಿ, ವಾಪಸ್ ಬಂದ ಬೆಳಕು ಎಷ್ಟು ಸಲ ಮಂಕಾಯಿತು ಎಂದು ಎಣಿಸುತ್ತದೆ. ನಾಡಿಬಡಿತ ಅದೇ. ಕೈ ಬೀಸಿ ನಡೆದರೆ, ಪಟ್ಟಿ ಸಡಿಲವಿದ್ದರೆ ಬೆಳಕು ಅಲ್ಲಾಡಿ ಲೆಕ್ಕ ಕೆಡುತ್ತದೆ. ಅಗ್ಗದ ಬ್ಯಾಂಡನ್ನು ಟಿಶ್ಯೂ ಕಾಗದದ ಸುರುಳಿಗೆ ಕಟ್ಟಿದರೂ ಎದೆಬಡಿತ ತೋರಿಸಿದ ವಿಡಿಯೊಗಳನ್ನು ನೀವೂ ನೋಡಿರಬಹುದು. ಅದರಲ್ಲಿ ಮೋಸವೇನಿಲ್ಲ. ಬೆಳಕಿನ ಏರಿಳಿತದಲ್ಲಿ ಮಿಡಿತ ಹುಡುಕು ಎಂದು ಹೇಳಿಸಿಕೊಂಡ ಯಂತ್ರ, ಸಿಕ್ಕ ಏರಿಳಿತದಲ್ಲಿ ಮಿಡಿತ ಹುಡುಕಿತು.

ಆಮ್ಲಜನಕ ಅಳೆಯುವ ಉಪಾಯ ಸಿಕ್ಕ ಕತೆ ಚೆಂದವಿದೆ. 1970ರ ದಶಕದ ಮೊದಲಲ್ಲಿ ಜಪಾನಿನ ನಿಹೋನ್ ಕೋಡೆನ್ ಕಂಪನಿಯ ಎಂಜಿನಿಯರ್ ತಕುವೊ ಅವೊಯಾಗಿ ಬೇರೇನೋ ಅಳೆಯಲು ಹೊರಟಿದ್ದರು. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸಿ, ಆ ಬಣ್ಣ ಎಷ್ಟು ಬೇಗ ತಿಳಿಯಾಗುತ್ತದೆ ಎಂದು ನೋಡುವುದು ಅವರ ಕೆಲಸ. ಹೃದಯ ನಿಮಿಷಕ್ಕೆ ಎಷ್ಟು ರಕ್ತ ಒತ್ತುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ನಾಡಿಯ ಮಿಡಿತ ಗೆರೆಯನ್ನು ಕುಣಿಸಿ ಕಾಟ ಕೊಡುತ್ತಿತ್ತು. ಆ ಕಾಟ ಕಳೆಯಲು ಅವರು ಎರಡು ಬಗೆಯ ಬೆಳಕನ್ನು ಹಾಯಿಸಿ ಒಂದರಿಂದ ಇನ್ನೊಂದನ್ನು ರದ್ದು ಮಾಡಿದರು. ರಕ್ತದ ಆಮ್ಲಜನಕ ಇಳಿದಾಗ ಮಾತ್ರ ರದ್ದತಿ ಕೈಕೊಡುತ್ತಿತ್ತು. ಹಾಗಾದರೆ ಆಮ್ಲಜನಕದ ಸುದ್ದಿ ಇರುವುದೇ ಆ ಕಾಟದೊಳಗೆ! ಆಮ್ಲಜನಕ ತುಂಬಿದ ರಕ್ತ ಕೆಂಪು ಬೆಳಕನ್ನು ಸಲೀಸಾಗಿ ಬಿಡುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು ಹೀರುತ್ತದೆ. ಆಮ್ಲಜನಕ ಕಳೆದುಕೊಂಡ ರಕ್ತ ಇದರ ತಿರುವುಮುರುವು. ಮಿಡಿತದ ಗಳಿಗೆಯಲ್ಲಿ ಈ ಎರಡರ ಅನುಪಾತ ಹಿಡಿದರೆ ಶೇಕಡಾವಾರು ಲೆಕ್ಕ ಕೈಗೆ ಬರುತ್ತದೆ. ಕೋವಿಡ್‌ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಿಡಿದು ಬಂದ ಪಲ್ಸ್ ಆಕ್ಸಿಮೀಟರಿನ ಮೂಲ ಇದೇ. ಜಗತ್ತೆಲ್ಲ ಬೆರಳಿಗೆ ಆ ಕ್ಲಿಪ್ಪು ಸಿಕ್ಕಿಸಿಕೊಳ್ಳುತ್ತಿದ್ದ 2020ರ ಏಪ್ರಿಲ್‌ನಲ್ಲಿ ಅವೊಯಾಗಿ ತೀರಿಕೊಂಡರು.

ಮತ್ತೆ ಆ ಎರಡು ಪಟ್ಟಿಗಳಿಗೆ. ಎದೆಯ ಪಟ್ಟಿ ಹೃದಯದ ವಿದ್ಯುತ್ತನ್ನು ಹಿಡಿಯುತ್ತದೆ, ಪಾದದ ಪಟ್ಟಿ ಅದೇ ಮಿಡಿತದ ರಕ್ತ ಪಾದಕ್ಕೆ ಬಂದದ್ದನ್ನು ನೋಡುತ್ತದೆ. ನಡುವಿನ ಅಂತರ ಸೆಕೆಂಡಿನ ಒಂದು ತುಣುಕು. ರಕ್ತನಾಳದಲ್ಲಿ ಒತ್ತಡ ಹೆಚ್ಚಿದಷ್ಟೂ ಮಿಡಿತದ ಅಲೆ ಬೇಗ ಓಡುತ್ತದೆ. ಹಾಗಾಗಿ ಪಟ್ಟಿ ಸುತ್ತಿ ಉಬ್ಬಿಸದೆ ಬಿಪಿಯ ಏರಿಳಿತ ಊಹಿಸಬಹುದು. ‘ಊಹಿಸಬಹುದು’ ಎಂದೆ, ಅಳೆಯುವುದು ಬೇರೆ. ರಕ್ತನಾಳದ ಬಿಗಿ ಒಬ್ಬೊಬ್ಬರಲ್ಲಿ ಒಂದೊಂದು ಥರ. ಬಿಪಿ ತೋರಿಸುವ ಸ್ಯಾಮ್ಸಂಗ್ ಗಡಿಯಾರವನ್ನು ನಾಲ್ಕು ವಾರಕ್ಕೊಮ್ಮೆ ಮಾಮೂಲಿ ತೋಳುಪಟ್ಟಿಯ ಯಂತ್ರದ ಜೊತೆ ತಾಳೆ ನೋಡಿ ಸರಿಮಾಡಿಕೊಳ್ಳಿ ಎಂದು ಕಂಪನಿಯೇ ಹೇಳುತ್ತದೆ. ಚುಚ್ಚದೆ ಶುಗರ್ ಹೇಳುತ್ತೇವೆ ಎನ್ನುವ ಗಡಿಯಾರ, ಉಂಗುರಗಳನ್ನಂತೂ ನಂಬಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು; ಅಂಥ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದಿತು. ಆನ್‌ಲೈನ್‌ನಲ್ಲಿ ಅವು ಇನ್ನೂ ಸಿಗುತ್ತವೆ.

ಕೂಸಿನಿಂದ ದೊಡ್ಡವರ ಕಡೆಗೆ ಬರೋಣ. ‘ಎದೆ ಒಂದೊಂದ್ಸಲ ಧಡ್ ಅಂತದೆ ಡಾಕ್ಟ್ರೇ, ಕಣ್ಣು ಮಬ್ಬಾಗ್ತದೆ’ ಎಂದವರಿಗೆ ‘ಹೋಲ್ಟರ್ ಹಾಕೋಣ’ ಎನ್ನುತ್ತಾರೆ. ಟೆಕ್ನಿಶಿಯನ್ ಎದೆಗೂದಲು ಬೋಳಿಸಿ, ಸ್ಪಿರಿಟ್ ಹಚ್ಚಿ ಒರೆಸಿ, ಸ್ಟಿಕ್ಕರ್‌ಗಳನ್ನು ಅಂಟಿಸಿ, ಸೊಂಟಕ್ಕೆ ಪುಟ್ಟ ಡಬ್ಬಿ ಕಟ್ಟಿ ಕಳಿಸುತ್ತಾನೆ. ನಾಳೆ ಇದೇ ಹೊತ್ತಿನವರೆಗೆ ಸ್ನಾನ ಇಲ್ಲ. ಕೈಗೊಂದು ಹಾಳೆ ಕೊಟ್ಟು, ಮೆಟ್ಟಿಲು ಹತ್ತಿದ್ದು, ಸಿಟ್ಟು ಬಂದದ್ದು, ತಲೆ ಸುತ್ತಿದ್ದು ಎಲ್ಲ ಟೈಮ್ ಹಾಕಿ ಬರೆಯಿರಿ ಎನ್ನುತ್ತಾನೆ. ಹೋಲ್ಟರ್ ಎಂಬುದು ಒಬ್ಬ ಮನುಷ್ಯನ ಹೆಸರು. ಅಮೆರಿಕದ ಮೊಂಟಾನಾದ ಭೌತವಿಜ್ಞಾನಿ ನಾರ್ಮನ್ ಹೋಲ್ಟರ್ 1940ರ ದಶಕದ ಕೊನೆಯಲ್ಲಿ ಹೃದಯದ ಇಸಿಜಿಯನ್ನು ರೇಡಿಯೊ ಮೂಲಕ ಕಳಿಸುವ ಯಂತ್ರ ಕಟ್ಟಿದರು. ತೂಕ 38 ಕಿಲೊ! ಅದನ್ನು ಬೆನ್ನಿಗೆ ಹೊತ್ತು ವ್ಯಾಯಾಮದ ಸೈಕಲ್ ತುಳಿಯುವ ಅವರ ಫೋಟೊ ಇದೆ. ಅಷ್ಟು ಭಾರ ಹೊತ್ತು ಸೈಕಲ್ ತುಳಿದರೆ ಯಾರ ಇಸಿಜಿಯೂ ಕುಣಿದೀತು, ಆ ಮಾತು ಬೇರೆ. ಮಲಗಿದ ರೋಗಿಯ ಇಸಿಜಿ ಸಾಲದು, ಓಡಾಡುವವನ ಹೃದಯ ನೋಡಬೇಕು ಎಂಬುದು ಅವರ ಹಟ. 1961ರ ಹೊತ್ತಿಗೆ ಟ್ರಾನ್ಸಿಸ್ಟರ್ ಬಂದು ಯಂತ್ರ ಕುಗ್ಗಿತ್ತು. ಆಗ ಅವರು ಬರೆದ ಲೇಖನದಿಂದ ಈ ಪರೀಕ್ಷೆಗೆ ಹೆಸರು ನಿಂತಿತು.

ಹೋಲ್ಟರಿನ ಪೇಚು ಹಾಕಿಸಿಕೊಂಡವರಿಗೆಲ್ಲ ಗೊತ್ತು. ಡಬ್ಬಿ ಬಿಚ್ಚಿಕೊಟ್ಟ ಮಾರನೆಯ ದಿನವೇ ತಲೆ ಸುತ್ತುತ್ತದೆ. ಹದಿನಾಲ್ಕು ದಿನ ಎದೆಗೆ ಅಂಟಿಕೊಂಡೇ ಇರುವ, ಸ್ನಾನಕ್ಕೂ ಅಡ್ಡಿಯಿಲ್ಲದ ಪಟ್ಟಿಗಳು ಈಗ ಬಂದಿರುವುದು ಅದಕ್ಕಾಗಿ. ತೊಂದರೆ ಇರುವ ಮನುಷ್ಯ, ಹುಡುಕುವುದು ಏನೆಂದು ಗೊತ್ತಿರುವ ವೈದ್ಯ, ಹುಡುಕಲು ಸಾಕಷ್ಟು ದಿನ. ಇಲ್ಲಿ ಸೆನ್ಸರು ತನ್ನ ಬೆಲೆ ತೀರಿಸುತ್ತದೆ.

ತೊಂದರೆಯೇ ಇಲ್ಲದವರು ಅದನ್ನು ಕಟ್ಟಿಕೊಂಡಾಗ ಲೆಕ್ಕ ತಿರುಗುತ್ತದೆ. ಆ್ಯಪಲ್ ಕಂಪನಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೊತೆ ನಡೆಸಿದ ಅಧ್ಯಯನದಲ್ಲಿ 4,19,297 ಮಂದಿ ಭಾಗವಹಿಸಿದ್ದರು. ಹೃದಯದ ಮೇಲಿನ ಕೋಣೆಗಳು ತಾಳ ತಪ್ಪಿ ನಡುಗುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯನ್ನು ಗಡಿಯಾರ ಹಿಡಿಯಬಲ್ಲದೆ ಎಂಬುದು ಪ್ರಶ್ನೆ. ಲಕ್ವಾ ಹೊಡೆಯುವ ಅಪಾಯ ಹೆಚ್ಚಿಸುವ ತೊಂದರೆಯಾದ್ದರಿಂದ ಪ್ರಶ್ನೆ ದೊಡ್ಡದೇ. 2019ರ ನವೆಂಬರ್‌ನಲ್ಲಿ ಬಂದ ಫಲಿತಾಂಶದ ಪ್ರಕಾರ ‘ನಿಮ್ಮ ನಾಡಿ ಕ್ರಮ ತಪ್ಪಿದೆ’ ಎಂಬ ಸಂದೇಶ ಹೋದದ್ದು ಶೇ 0.52ರಷ್ಟು ಜನರಿಗೆ. 65 ದಾಟಿದವರಲ್ಲಿ ಅದು ಶೇ 3.1, ನಲವತ್ತರೊಳಗಿನವರಲ್ಲಿ ಶೇ 0.16. ಸಂದೇಶ ಬಂದವರಿಗೆ ಆಮೇಲೆ ಇಸಿಜಿ ಪಟ್ಟಿ ಕಳಿಸಿ, ಅಂಟಿಸಿಕೊಂಡು ವಾಪಸ್ ಕಳಿಸಿದ 450 ಜನರನ್ನು ನೋಡಿದಾಗ ಆ ತೊಂದರೆ ಕಂಡದ್ದು ಶೇ 34ರಲ್ಲಿ. ಬಂದು ಹೋಗುವ ತೊಂದರೆ ಅದು. ಉಳಿದವರದೆಲ್ಲ ಸುಳ್ಳು ಎನ್ನುವಂತಿಲ್ಲ. ಆದರೂ ವಯಸ್ಸಿಗೆ ತಕ್ಕಂತೆ ಸಂದೇಶಗಳ ಪ್ರಮಾಣ ಎಷ್ಟು ಬದಲಾಗಿದೆ ನೋಡಿ.

ಒಂದು ಕಲ್ಪಿತ ಲೆಕ್ಕ ಹಾಕೋಣ, ಪೆನ್ನು ಹಿಡಿದೇ ಓದಿ. ನೂರಕ್ಕೆ 99 ಸಲ ಸರಿ ಹೇಳುವ ಗಡಿಯಾರ ಇದೆ ಎನ್ನಿ. ಸಾವಿರಕ್ಕೆ ಒಬ್ಬರಿಗೆ ಮಾತ್ರ ರೋಗವಿರುವ ಒಂದು ಲಕ್ಷ ಯುವಕರು ಅದನ್ನು ಕಟ್ಟಿಕೊಂಡರು. ರೋಗ ಇರುವವರು 100; ಅವರಲ್ಲಿ 99 ಮಂದಿಯನ್ನು ಅದು ಹಿಡಿಯಿತು. ರೋಗವಿಲ್ಲದ 99,900 ಜನರಲ್ಲಿ ನೂರಕ್ಕೊಬ್ಬರಂತೆ 999 ಮಂದಿಗೆ ಸುಳ್ಳೇ ಬೀಪು. ಒಟ್ಟು 1,098 ಬೀಪುಗಳಲ್ಲಿ ನಿಜವಾದದ್ದು 99, ಹನ್ನೊಂದಕ್ಕೆ ಒಂದೂ ಇಲ್ಲ. ಅದೇ ಗಡಿಯಾರವನ್ನು ನೂರಕ್ಕೆ ಹತ್ತು ಮಂದಿಗೆ ರೋಗವಿರುವ ಒಂದು ಲಕ್ಷ ವೃದ್ಧರಿಗೆ ಕಟ್ಟಿ: ನಿಜವಾದ ಬೀಪು 9,900, ಸುಳ್ಳು 900. ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಸರಿ. ಗಡಿಯಾರದಲ್ಲಿ ಒಂದು ಸ್ಕ್ರೂ ಸಹ ಬದಲಾಗಿಲ್ಲ. ‘ಶೇ 99 ನಿಖರ’ ಎಂಬ ಜಾಹೀರಾತು ನೋಡಿದಾಗ ನಾನಂತೂ ಮೊದಲು ಕೇಳುವುದು, ಯಾರ ಕೈಯಲ್ಲಿ ಎಂದು.

2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲಾಗಿ ಹಠಾತ್ ಸಾವಿನ ಸುದ್ದಿ ಬಂದಾಗ ಬೆಂಗಳೂರು, ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಜನ ಮುಗಿಬಿದ್ದರು. ಏನೂ ತೊಂದರೆಯಿಲ್ಲದವರೂ ‘ಒಂದ್ಸಲ ನೋಡಿಸ್ಬಿಡೋಣ’ ಎಂದು ಬಂದಿದ್ದರು. ತಜ್ಞರ ಸಮಿತಿ ಪರಿಶೀಲಿಸಿ, ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಅಂಥ ದಿನಗಳಲ್ಲಿ ಕೈಗಡಿಯಾರ ಕೊಂಡರೆ ಸಮಾಧಾನ ಎನಿಸುವುದು ಸಹಜ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕೈಗಡಿಯಾರದ ಇಸಿಜಿ ಹೃದಯಾಘಾತವನ್ನು ಹಿಡಿಯುವುದಿಲ್ಲ. ಆಸ್ಪತ್ರೆಯ ಇಸಿಜಿ ಮೈಯ ಹತ್ತು ಕಡೆ ವೈರು ಅಂಟಿಸಿ ಹೃದಯವನ್ನು ಹನ್ನೆರಡು ಕೋನದಿಂದ ನೋಡುತ್ತದೆ. ಗಡಿಯಾರಕ್ಕೆ ಸಿಗುವುದು ಒಂದೇ ಕೋನ. ತಾಳ ತಪ್ಪಿದೆಯೇ ಎಂದು ಅದು ಹೇಳೀತು, ಯಾವ ಭಾಗಕ್ಕೆ ರಕ್ತ ನಿಂತಿದೆ ಎಂದು ಹೇಳಲಾರದು. ಹೃದಯಾಘಾತವನ್ನು ಪತ್ತೆ ಮಾಡುವುದಿಲ್ಲ ಎಂದು ಆ್ಯಪಲ್ ಕಂಪನಿಯೇ ಬರೆದುಕೊಂಡಿದೆ. ಎದೆ ಹಿಂಡಿದಂತಾಗಿ, ಎಡಗೈಗೆ ನೋವಿಳಿದು, ಬೆವರು ಕಿತ್ತುಕೊಂಡಾಗ ಗಡಿಯಾರ ‘ಎಲ್ಲ ಸರಿ’ ಎಂದು ಹಸಿರು ತೋರಿಸಿದರೆ ಅದನ್ನು ನಂಬಿ ಮನೆಯಲ್ಲಿ ಕೂರಬಾರದು.

ಹೋಗಬೇಕಾದ್ದು ಎಲ್ಲಿಗೆ? ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಇಂಟರ್ನೆಟ್ ಮೂಲಕ ತಜ್ಞರಿಗೆ ಹೋಗುತ್ತದೆ, ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ದೊಡ್ಡ ತಡೆ ಕಂಡರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತ, ಆಮೇಲೆ ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ. ಯಂತ್ರ ಮಾಮೂಲಿಯದೇ, ಮೈತುಂಬ ವೈರು. ಆದರೆ ಆ ವೈರಿನ ಇನ್ನೊಂದು ತುದಿಯಲ್ಲಿ ಓದಲು ವೈದ್ಯರಿದ್ದಾರೆ, ಈ ತುದಿಯಲ್ಲಿ ಸಿರಿಂಜ್ ಹಿಡಿದ ಸಿಸ್ಟರ್ ಇದ್ದಾರೆ. ಎದೆನೋವು ಬಂದ ಮೈಯಾದ್ದರಿಂದ ಇಸಿಜಿಯ ಗೆರೆಗೂ ತೂಕವಿದೆ.

ಕೂಸಿಗೂ ಆರೋಗ್ಯವಂತ ಯುವಕನಿಗೂ ನಡುವೆ, ಯಾರೂ ಹೆಚ್ಚು ಮಾತಾಡದ ಒಂದು ಗುಂಪಿದೆ: ಜನರಲ್ ವಾರ್ಡಿನ ರೋಗಿಗಳು. ಐಸಿಯುನಲ್ಲಿರುವವರನ್ನು ಯಂತ್ರ ಬಿಡದೆ ಕಾಯುತ್ತದೆ. ವಾರ್ಡಿನಲ್ಲಿ ಸಿಸ್ಟರ್ ನಾಲ್ಕೋ ಆರೋ ಗಂಟೆಗೊಮ್ಮೆ ಬಂದು ನಾಡಿ, ಬಿಪಿ, ಉಸಿರು ಮುಂತಾದ ವೈಟಲ್ಸ್ ಬರೆದು ಹೋಗುತ್ತಾರೆ. ಆಪರೇಶನ್ ಆದ ಮೂರನೆಯ ದಿನ ರಾತ್ರಿ ಸೋಂಕು ರಕ್ತಕ್ಕೇರುವುದು ಈ ನಡುವಿನ ಗಂಟೆಗಳಲ್ಲೇ. ಮೊದಲು ಸುಳಿವು ಕೊಡುವುದು ಸಾಮಾನ್ಯವಾಗಿ ಉಸಿರಿನ ವೇಗ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದ, ರೋಗಿ ಹದಗೆಡುತ್ತಿರುವುದನ್ನು ಅಂಕ ಕೂಡಿಸಿ ಮೊದಲೇ ಗುರುತಿಸುವ ಪಟ್ಟಿಯಲ್ಲೂ ಉಸಿರಿಗೆ ಮೊದಲ ಸ್ಥಾನ. ದುರದೃಷ್ಟಕ್ಕೆ ಎಲ್ಲ ವೈಟಲ್ಸ್‌ಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದೂ ಉಸಿರೇ. ಒಂದು ನಿಮಿಷ ಎದೆ ನೋಡುತ್ತ ನಿಂತು ಎಣಿಸಲು ಯಾರಿಗೆ ಪುರುಸೊತ್ತು? ಕೇಸ್ ಶೀಟಿನಲ್ಲಿ 18, 20, 18, 20 ಎಂದು ತುಂಬಿಹೋಗುತ್ತದೆ. ಸಿಸ್ಟರನ್ನು ದೂರಿ ಫಲವಿಲ್ಲ, ನಲವತ್ತು ಹಾಸಿಗೆಗೆ ಇಬ್ಬರಿದ್ದರೆ ಇನ್ನೇನಾದೀತು. ಎದೆಗಂಟಿಸಿದ ಪಟ್ಟಿಯೊಂದು ಈ ಎಣಿಕೆಯನ್ನು ಬೇಸರವಿಲ್ಲದೆ ಮಾಡಬಲ್ಲದು. ಬೆಂಗಳೂರಿನ ಡೋಝಿ ಕಂಪನಿ ಮೈಗೆ ಏನೂ ತಗಲಿಸದೆ, ಹಾಸಿಗೆಯಡಿಗೆ ತೆಳುಹಾಳೆ ಹಾಸಿ ಇದೇ ಕೆಲಸ ಮಾಡಿಸುತ್ತಿದೆ. ಹೃದಯ ಬಡಿದಾಗ, ಉಸಿರು ಎಳೆದಾಗ ಇಡೀ ಮೈ ಕಾಣದಷ್ಟು ಸೂಕ್ಷ್ಮವಾಗಿ ಅದುರುತ್ತದೆ; ಆ ಅದುರಿನಿಂದ ಎರಡನ್ನೂ ಬೇರ್ಪಡಿಸಿ ಎಣಿಸುವ ವಿದ್ಯೆ ಅದು.

ಎಣಿಸಿದ್ದಾಯಿತು, ಕೂಗಿದ್ದೂ ಆಯಿತು, ಕೇಳುವವರು ಯಾರು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್‌ಫ್ರಾನ್ಸಿಸ್ಕೊ ಆಸ್ಪತ್ರೆಯಲ್ಲಿ ಬಾರ್ಬರಾ ಡ್ರೂ ಮತ್ತು ಸಂಗಡಿಗರು ಐಸಿಯುಗಳ 77 ಹಾಸಿಗೆಗಳ ಮಾನಿಟರ್‌ಗಳನ್ನು 31 ದಿನ ಗಮನಿಸಿ 2014ರಲ್ಲಿ ವರದಿ ಬರೆದರು. ಎಲ್ಲ ಬಗೆಯ ಎಚ್ಚರಿಕೆಗಳೂ ಸೇರಿ ಲೆಕ್ಕ 25 ಲಕ್ಷ ದಾಟಿತು. ಕಿವಿಗೆ ಕೇಳುವಂಥವೇ ಒಂದು ಹಾಸಿಗೆಗೆ ದಿನಕ್ಕೆ 187. ಹೃದಯದ ತಾಳ ತಪ್ಪಿದೆ ಎಂದು ಕೂಗಿದ 12 ಸಾವಿರಕ್ಕೂ ಹೆಚ್ಚು ಬೀಪುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ ಶೇ 88.8 ಸುಳ್ಳು. ಅದು ಐಸಿಯು, ಹಾಸಿಗೆ ಹಾಸಿಗೆಗೂ ಸಿಬ್ಬಂದಿ ಇರುವ ಜಾಗ. ಅಷ್ಟು ಸುಳ್ಳು ಕೂಗು ಕೇಳಿದ ಕಿವಿ ನಿಜವಾದ ಕೂಗಿಗೂ ಮಂದವಾಗುತ್ತದೆ, ಸದ್ದು ತಗ್ಗಿಸುವ ಗುಂಡಿ ಸವೆಯುತ್ತದೆ. ವಾರ್ಡಿನ ಎಲ್ಲರಿಗೂ ಪಟ್ಟಿ ಅಂಟಿಸಿ ಒಂದೇ ಪರದೆಗೆ ಜೋಡಿಸಿದ ಮೇಲೆ ‘ಇನ್ನು ಸಿಸ್ಟರ್‌ಗಳು ಇಷ್ಟು ಬೇಡ’ ಎಂದು ಯಾವನಾದರೂ ಲೆಕ್ಕಿಗ ಹೇಳಿದರೆ ತಂದದ್ದೆಲ್ಲ ದಂಡ.

ವೈರಿಲ್ಲ ಎಂದರೆ ಗಾಳಿಯನ್ನು ನಂಬಬೇಕು ಎಂದೂ ಅರ್ಥ. 1998ರ ಫೆಬ್ರುವರಿಯಲ್ಲಿ ಅಮೆರಿಕದ ಡಲ್ಲಾಸ್ ನಗರದ ಟಿವಿ ಕೇಂದ್ರವೊಂದು ಹೊಸ ಡಿಜಿಟಲ್ ಪ್ರಸಾರವನ್ನು ಅಲ್ಲಿಯವರೆಗೆ ಖಾಲಿಯಿದ್ದ ಚಾನೆಲಿನಲ್ಲಿ ಪರೀಕ್ಷಿಸಿತು. ಬೇಲರ್ ಆಸ್ಪತ್ರೆಯ ವೈರಿಲ್ಲದ ಹೃದಯ ಮಾನಿಟರ್‌ಗಳು ಅದೇ ತರಂಗಾಂತರದಲ್ಲಿ ಮಾತಾಡುತ್ತಿದ್ದವು. ಅಲ್ಲಿ ಪ್ರಸಾರ, ಇಲ್ಲಿ ಪರದೆ ಖಾಲಿ. ಯಾರಿಗೂ ಅಪಾಯವಾಗಲಿಲ್ಲ, ಟಿವಿಯವರು ಪ್ರಸಾರ ನಿಲ್ಲಿಸಿದರು. ಆ ಪ್ರಸಂಗದ ನಂತರ, 2000ದಲ್ಲಿ, ಆಸ್ಪತ್ರೆಗಳಿಗೆಂದೇ ಪ್ರತ್ಯೇಕ ತರಂಗಾಂತರಗಳನ್ನು ಅಮೆರಿಕ ಮೀಸಲಿಟ್ಟಿತು. ಬ್ಲೂಟೂತ್, ವೈಫೈ, ಅಡುಗೆಮನೆಯ ಮೈಕ್ರೊವೇವ್ ಒಲೆ ಮೂರೂ ಇರುವುದು 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ. ಆ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ, ನಮ್ಮ ಮೈಯಲ್ಲಿ ಇರುವುದು ಬಹುಪಾಲು ನೀರೇ. ರೋಗಿ ಪಟ್ಟಿಯ ಮೇಲೆ ಮಗ್ಗುಲಾದರೆ ಸಿಗ್ನಲ್ ಕುಗ್ಗುತ್ತದೆ. ಸಿಗ್ನಲ್ ಇಲ್ಲದ್ದನ್ನು ಯಂತ್ರ ‘ಸಂಪರ್ಕ ತಪ್ಪಿದೆ’ ಎಂದು ತೋರಿಸಬೇಕೇ ಹೊರತು ಹಳೆಯ ಅಂಕಿಯನ್ನೇ ಹಿಡಿದು ಕೂರಬಾರದು.

ಇನ್ನೊಂದು ವಿಚಾರ ನಮ್ಮ ಮೈಬಣ್ಣದ್ದು. ಬೆಳಕು ಚರ್ಮ ಹಾದು ಹೋಗಬೇಕಷ್ಟೆ? ಚರ್ಮದ ಮೆಲನಿನ್ ಕೂಡ ಬೆಳಕು ಹೀರುತ್ತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಂಕಿಗಳು ಗಾಬರಿ ಹುಟ್ಟಿಸುವಂಥವು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೇ ಧಮನಿಯ ರಕ್ತ ತೆಗೆದು ನೋಡಿದರೆ ಆಮ್ಲಜನಕ 88ಕ್ಕಿಂತ ಕೆಳಗೆ ಇದ್ದದ್ದು ಬಿಳಿಯರಲ್ಲಿ ಶೇ 3.6, ಕಪ್ಪು ಜನರಲ್ಲಿ ಶೇ 11.7. ಮೂರು ಪಟ್ಟು. ಈ ಯಂತ್ರಗಳನ್ನು ಹೊಂದಿಸುವುದು ಆರೋಗ್ಯವಂತ ಸ್ವಯಂಸೇವಕರಿಗೆ ಕಡಿಮೆ ಆಮ್ಲಜನಕದ ಗಾಳಿ ಉಸಿರಾಡಿಸಿ, ಅವರ ರಕ್ತದ ಜೊತೆ ತಾಳೆ ನೋಡಿ. ಆ ಸ್ವಯಂಸೇವಕರಲ್ಲಿ ಬಹುತೇಕರು ತಿಳಿಬಣ್ಣದವರು. ಬೇರೆ ಬೇರೆ ಮೈಬಣ್ಣದವರ ಮೇಲೆ ಪರೀಕ್ಷಿಸಬೇಕೆಂಬ ಕರಡು ಮಾರ್ಗಸೂಚಿಯನ್ನು ಎಫ್‌ಡಿಎ ಹೊರಡಿಸಿದ್ದು 2025ರ ಜನವರಿಯಲ್ಲಿ. ಒಂದೇ ಊರಿನಲ್ಲಿ ಹತ್ತು ಬಣ್ಣ ಇರುವ ನಾಡು ನಮ್ಮದು. 2021ರ ಜುಲೈನಲ್ಲಿ ಆಕ್ಸಿಮೀಟರಿನ ಲಾಭಕ್ಕೆ ಕೇಂದ್ರ ಸರ್ಕಾರ ಮಿತಿ ಹಾಕಿ ಬೆಲೆ ಇಳಿಸಿತು, ಒಳ್ಳೆಯದೇ. ಯಾರ ಮೈಮೇಲೆ ಪರೀಕ್ಷಿಸಿದ್ದು ಎಂದು ಡಬ್ಬಿಯ ಮೇಲೆ ಬರೆಯಿರಿ ಎಂದೂ ಕೇಳಬಹುದಿತ್ತು.

ಜಿಲ್ಲಾಸ್ಪತ್ರೆಗಳ ನವಜಾತ ಶಿಶು ಘಟಕಗಳಿಗೆ ಕೂಸಿನ ಮೈಗಂಟಿಸುವ ಆ ವೈರಿಲ್ಲದ ಪಟ್ಟಿಗಳು ಇವತ್ತಲ್ಲ ನಾಳೆ ಬರುತ್ತವೆ. ಬರಲಿ. ಟೆಂಡರ್ ಕರೆಯುವವರು ಕೇಳಲೇಬೇಕಾದ ಪ್ರಶ್ನೆಗಳು ತೀರಾ ಸಾಮಾನ್ಯವಾದವು. ಅಮೆರಿಕದ ತಣ್ಣನೆಯ ವಾರ್ಡಿನಲ್ಲಿ ಅಲುಗಾಡದೆ ಕೂತ ಪಟ್ಟಿ, ರಾಯಚೂರಿನ ಏಪ್ರಿಲ್‌ನಲ್ಲಿ ಕರೆಂಟು ಹೋದ ಮಧ್ಯಾಹ್ನ, ತಾಯಿಯ ಬೆವರು ಕೂಸಿನ ಬೆವರು ಎರಡೂ ಸೇರಿದ ಮೈಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ? ಒಂದು ಕೂಸಿನಿಂದ ತೆಗೆದದ್ದನ್ನು ಇನ್ನೊಂದಕ್ಕೆ ಹಾಕುವ ಮುನ್ನ ಯಾವ ದ್ರಾವಣದಲ್ಲಿ, ಎಷ್ಟು ನಿಮಿಷ ತೊಳೆಯಬೇಕು, ಎಷ್ಟು ಸಲ ತೊಳೆದರೆ ಅದು ಕೆಡುತ್ತದೆ? ಯಂತ್ರದ ಬೆಲೆ ಒಂದೇ ಸಲ ಕೊಡುವುದು. ಅಂಟುಹಾಳೆಯ ಖರ್ಚು ತಿಂಗಳು ತಿಂಗಳು. ಅದಕ್ಕೆ ಇಂಡೆಂಟ್ ಹಾಕಿದರೆ ಸ್ಟೋರಿನಿಂದ ಎಷ್ಟು ದಿನಕ್ಕೆ ಬರುತ್ತದೆ, ಬರುವವರೆಗೆ ಹಳೆಯ ವೈರಿನ ಮಾನಿಟರು ಕೆಲಸ ಮಾಡುವ ಸ್ಥಿತಿಯಲ್ಲಿ ಪಕ್ಕದಲ್ಲಿರುತ್ತದೆಯೇ ಎಂಬುದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು.